ಒಂಬತ್ತೂವರೆ ಬಸ್ಸಿನ ಹೆಂಗಸರು

ದೇವದುರ್ಗ
10 ಜೂನ್ 2024

ಶೈಲಜಾ ಮೇಡಂ ಅವರಿಗೆ,

ಈ ವಾರದ ಕಟ್ಟು ಕಳಿಸಿದ್ದೇನೆ. ಒಳಗೆ ಐವತ್ತೆರಡು ಹೆಂಗಸರ ಒಪ್ಪಿಗೆ ಪತ್ರ, ಫೋಟೋಗಳಿರುವ ಮೆಮೊರಿ ಕಾರ್ಡು, ರಕ್ತ ಪರೀಕ್ಷೆಯ ಹಾಳೆ, ಎಲ್ಲ ಇವೆ. ರಾಯಚೂರು ಬಸ್ಸಿನ ಕಂಡಕ್ಟರ್ ನಯೀಮ್ ಕೈಯಲ್ಲಿ ಕೊಟ್ಟಿದ್ದೇನೆ, ನಿಮ್ಮ ಇಂಜಿನೀರಿಂಗ್ ಕಾಲೇಜಿನಿಂದ ಯಾರಾದರೂ ನಿಲ್ದಾಣಕ್ಕೆ ಹೋಗಿ ಇಸಿದುಕೊಳ್ಳಲಿ. ಹೆಬ್ಬೆಟ್ಟಿನ ಗುರುತು ಕಾಗದದ ಮೇಲೆಯೇ ಬೇಕೆಂದು ನಿಮ್ಮವರು ಹಟ ಹಿಡಿದಿದ್ದರಿಂದ ವಾರಕ್ಕೊಂದು ಕಟ್ಟು ಹೋಗಲೇಬೇಕು. ಕಟ್ಟು ಹೋಗುವಾಗ ಎರಡು ಸಾಲು ಬರೆಯದೆ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಫೋನಿನಲ್ಲಿ ನನಗೆ ಮಾತು ಕೂಡುವುದಿಲ್ಲ, ಎತ್ತಿದ ಕೂಡಲೇ ಇಡುವುದು ಯಾವಾಗ ಅನ್ನಿಸುತ್ತದೆ.

ನಾನು ಇಪ್ಪತ್ತೇಳು ವರ್ಷದಿಂದ ನರ್ಸು. ಬಸುರಿಯರ ಕೆಳಗಿನ ರೆಪ್ಪೆ ಎಳೆದು ಒಳಗಿನ ಕೆಂಪು ನೋಡುವುದು ನನ್ನ ದಿನದ ಕೆಲಸ. ಕೆಂಪಿದ್ದರೆ ರಕ್ತ ಇದೆ, ಬಿಳಚಿದ್ದರೆ ಇಲ್ಲ. ಅದೇ ರೆಪ್ಪೆಯ ಫೋಟೋ ತೆಗೆದರೆ ನಿಮ್ಮ ಯಂತ್ರ ಬೆರಳು ಚುಚ್ಚದೆ ರಕ್ತಹೀನತೆ ಹೇಳುತ್ತದೆ ಅಂದಿರಿ. ತರಬೇತಿಯ ದಿನ ಹೂಂ ಹೂಂ ಅಂದೆ, ಅರ್ಥವಾದದ್ದು ಕಾಲುಭಾಗ. ನಿನ್ನೆ ಜಗುಲಿಯಲ್ಲಿ ಕೂತ ಹೆಂಗಸೊಬ್ಬಳು ಕೇಳಿದಳು: “ಸಿಸ್ಟರವ್ವಾ, ಡೀಪ್ ಲರ್ನಿಂಗ್ ಅಂತ ಬೋರ್ಡ್ ಹಚ್ಚೀರಲ್ಲ, ಎಷ್ಟು ಡೀಪ್ ಅದ? ನಮ್ಮ ಬಾವಿಕಿಂತ ಆಳ ಅದ ಏನು?” ಎಲ್ಲರೂ ನಕ್ಕರು. ನಾನೂ ನಕ್ಕೆ, ಉತ್ತರ ಗೊತ್ತಿದ್ದವಳ ಹಾಗೆ. ಉತ್ತರ ಬರೆದು ಕಳಿಸಿ.

ಇನ್ನೊಂದು ಮಾತು. ನನ್ನ ಒಬ್ಬಳೇ ಮಗಳು ದುರ್ಗಾ, ಮಾನ್ವಿ ತಾಲ್ಲೂಕಿನ ಚೀಕಲಪರ್ವಿಗೆ ಕೊಟ್ಟಿದ್ದೇನೆ, ಈಗ ಬಸುರಿ, ನಾಲ್ಕು ತಿಂಗಳು ತುಂಬಿ ಐದರಲ್ಲಿದ್ದಾಳೆ. ಹೋದ ವರ್ಷದ ಕೂಸು ಉಳಿಯಲಿಲ್ಲ. ರಕ್ತ ಕಡಿಮೆ ಇತ್ತು, ಅವಳ ಅತ್ತೆಮನೆಯವರಿಗೆ ತಿಳಿಯಲಿಲ್ಲ, ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಊರ ಹೆಂಗಸರ ರೆಪ್ಪೆಯನ್ನೆಲ್ಲ ನೋಡುವ ನಾನು ಮಗಳ ರೆಪ್ಪೆ ನೋಡಿರಲಿಲ್ಲ. ಈ ಸಲ ಅವಳೂ ಉಳಿಯಬೇಕು, ಕೂಸೂ ಉಳಿಯಬೇಕು. ನಿಮ್ಮ ಯಂತ್ರ ಬೇಗ ಕಲಿಯಲಿ.

ಗೋಪಮ್ಮ


ರಾಯಚೂರು
15 ಜೂನ್ 2024

ಗೋಪಮ್ಮ ಸಿಸ್ಟರ್ ಅವರಿಗೆ,

ಕಟ್ಟು ತಲುಪಿತು. ನಾಲ್ಕು ಕೇಂದ್ರಗಳಿಂದ ಫೋಟೋ ಬರಬೇಕು, ಮೂರರವರು ನೆಪ ಹೇಳುತ್ತಾರೆ, ನೀವು ಮಾತ್ರ ತಪ್ಪದೆ ಫೋಟೋ ಕಳಿಸುತ್ತೀರಿ. ನಮ್ಮ ಯಂತ್ರ ಸದ್ಯಕ್ಕೆ ಮುಕ್ಕಾಲುಪಾಲು ನಿಮ್ಮ ಜಗುಲಿಯಲ್ಲೇ ಓದುತ್ತಿದೆ.

ನಿಮ್ಮ ಬಾವಿಯ ಪ್ರಶ್ನೆಗೆ ನನ್ನ ವಿದ್ಯಾರ್ಥಿಗಳೂ ಬಿದ್ದು ಬಿದ್ದು ನಕ್ಕರು, ಆದರೆ ಅಷ್ಟು ನೇರವಾಗಿ ಅವರಾರೂ ಕೇಳಿಲ್ಲ. ಮಾನ್ವಿಯಲ್ಲಿ ನಮ್ಮಪ್ಪನ ಅಕ್ಕಿ ಗಿರಣಿ ಇದೆ. ಅಲ್ಲೊಂದು ಯಂತ್ರ ಅಕ್ಕಿಯಲ್ಲಿ ಕಪ್ಪು ಕಾಳು ಕಂಡರೆ ಗಾಳಿ ಊದಿ ಹಾರಿಸುತ್ತದೆ. ಇಷ್ಟಕ್ಕಿಂತ ಕಪ್ಪಿದ್ದರೆ ಊದು ಎಂದು ಮನುಷ್ಯರೇ ಅದಕ್ಕೆ ಹೇಳಿಟ್ಟಿದ್ದಾರೆ. ಅದು ಕಲಿತದ್ದೇನೂ ಇಲ್ಲ, ಹೇಳಿದ್ದು ಮಾಡುತ್ತದೆ. ನಮ್ಮದಕ್ಕೆ ನಾವು ಏನೂ ಹೇಳುವುದಿಲ್ಲ. ಫೋಟೋ ತೋರಿಸುತ್ತೇವೆ, ಅದು ಊಹಿಸುತ್ತದೆ, ಆಮೇಲೆ ರಕ್ತ ಪರೀಕ್ಷೆಯ ಅಂಕಿ ತೋರಿಸುತ್ತೇವೆ. ತಪ್ಪಿದ್ದರೆ ತನ್ನನ್ನು ಒಂದು ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತದೆ. ಹೀಗೆ ಸಾವಿರ ಸಲ, ಲಕ್ಷ ಸಲ.

ಆಳ ಅನ್ನುವುದು ಅದರೊಳಗಿನ ಪದರಗಳದ್ದು. ಮೊದಲ ಪದರಕ್ಕೆ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತು ಎಂಬುದಷ್ಟೇ ಕಾಣುತ್ತದೆ. ಅದರ ಕೆಳಗಿನದು ಆ ಅಂಚುಗಳನ್ನು ಕೂಡಿಸಿ ಗೆರೆ ಮಾಡುತ್ತದೆ. ಇನ್ನೂ ಕೆಳಗಿನದಕ್ಕೆ ಗೆರೆಗಳಿಂದ ರೆಪ್ಪೆಯ ಬಾಗು, ರಕ್ತನಾಳದ ಜಾಲ ಸಿಗುತ್ತದೆ. ಇಪ್ಪತ್ತು ಮೂವತ್ತು ಪದರ ಇಳಿದ ಮೇಲೆ ಅದು ಏನು ನೋಡುತ್ತದೋ ಅದಕ್ಕೆ ನಮ್ಮಲ್ಲಿ ಹೆಸರಿಲ್ಲ. ಕಟ್ಟಿದವಳು ನಾನು, ಆದರೂ ಆ ಆಳದಲ್ಲಿ ನಡೆಯುವುದು ನನಗೆ ಕಾಣುವುದಿಲ್ಲ. ಇದೇ ರೀತಿಯಲ್ಲಿ ಎಕ್ಸ್‌ರೇ ನೋಡಿ ಕ್ಷಯ ಹಿಡಿಯುತ್ತವೆ, ಹತ್ತಿಯ ಎಲೆ ನೋಡಿ ರೋಗ ಹೇಳುತ್ತವೆ, ಆಡಿದ ಮಾತನ್ನು ಅಕ್ಷರ ಮಾಡುತ್ತವೆ. ಹತ್ತು ವರ್ಷದಿಂದ ಇದನ್ನೇ ಓದುತ್ತಿದ್ದೇನೆ, ಈಗಲೂ ಕೆಲವು ದಿನ ಮೈ ಜುಮ್ಮೆನ್ನುತ್ತದೆ.

ದುರ್ಗಾಗೆ ಒಳ್ಳೆಯದಾಗಲಿ. ಚೀಕಲಪರ್ವಿ ನಮ್ಮ ಮನೆಗೆ ದೂರವಲ್ಲ. ಏನಾದರೂ ಬೇಕಿದ್ದರೆ ಸಂಕೋಚ ಬೇಡ.

ಶೈಲಜಾ


ದೇವದುರ್ಗ
22 ಜುಲೈ 2024

ತಂಗಿ ಶೈಲಜಾಗೆ,

ಮೇಡಂ ಅನ್ನುವುದು ಬಿಟ್ಟಿದ್ದೇನೆ, ಬೇಜಾರಿಲ್ಲ ತಾನೆ? ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ತಲೆಗೆ ಹೋಗಲಿಲ್ಲ, ಮೂರನೆಯ ಸಲ ಎದೆಗೆ ಹೋಯಿತು. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಸಿಸ್ಟರೊಬ್ಬರಿದ್ದರು. ಏನು ಕೇಳಿದರೂ “ನೋಡ್ಕೋತ ಬಾ ಸುಮ್ನ” ಅನ್ನುತ್ತಿದ್ದರು. ಬೇರೆ ಪಾಠವೇ ಇಲ್ಲ. ನೋಡುತ್ತ ಹೋದೆ, ಒಂದು ದಿನ ಬಂತು. ನಿನ್ನ ಯಂತ್ರ ನನ್ನ ಹಾಗೆಯೇ ಕಲಿಯುತ್ತದೆ ಅಂತಾಯಿತು.

ನೀನು ಫೋನಿಗೆ ಹಾಕಿಕೊಟ್ಟದ್ದನ್ನು ಹೋದ ವಾರದಿಂದ ಬಳಸುತ್ತಿದ್ದೇನೆ. ಮೂವತ್ತೊಂದು ಹೆಂಗಸರು. ರೆಪ್ಪೆ ಎಳೆದು, ಫೋಟೋ ತೆಗೆದು, ಒತ್ತಿದರೆ ಕೆಂಪು ಗುರುತು ಅಥವಾ ಹಸಿರು ಗುರುತು, ಕೆಳಗೆ ಬಣ್ಣದ ಹೆಸರೂ ದೊಡ್ಡ ಅಕ್ಷರದಲ್ಲಿ. ಆಮೇಲೆ ಬೆರಳು ಚುಚ್ಚಿ ತಾಳೆ ನೋಡಿದೆ. ಮೂವತ್ತು ಸರಿ, ಒಂದು ಮಾತ್ರ ತಪ್ಪು! ಎರಡು ಸಲ ಎಣಿಸಿದೆ ತಂಗಿ. ಒಂದು ಬೆರಳಗಲದ ಚಿತ್ರದಿಂದ ಇಡೀ ಮೈಯ ರಕ್ತ ಹೇಳುತ್ತದೆ ಅಂದರೆ ಏನು! ಮುದುಕಿಯೊಬ್ಬಳು ಫೋನಿನ ಕ್ಯಾಮೆರಾಕ್ಕೆ ಕುಂಕುಮ ಹಚ್ಚಲು ಬಂದಳು. “ಏ ಆಯಿ, ಅದರ ಕಣ್ಣಾಗ ಕುಂಕುಮ ತುರುಕಬ್ಯಾಡ, ಕುರುಡಾದೀತು” ಅಂತ ಕೈ ಹಿಡಿದೆ. ಕೈ ಹಿಡಿದೆನೇ ಹೊರತು ಒಳಗೆ ನನಗೂ ಕೈ ಮುಗಿಯಬೇಕು ಅನ್ನಿಸಿತ್ತು.

ಬೆರಳಿನ ರಕ್ತದ ಹನಿ ಇಟ್ಟು ನೋಡುವ ಪಟ್ಟಿಗಳು ಮುಗಿದಿವೆ. ಯಾವಾಗ ಬರುತ್ತವೋ ಯಾರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಇದೇ ನನಗೆ ಕಣ್ಣು. ಮುಂದಿನ ತಿಂಗಳು ದುರ್ಗಾಗೆ ಉಡಿ ತುಂಬುವ ಕುಬಸಕ್ಕೆ ಚೀಕಲಪರ್ವಿಗೆ ಹೋಗುವಾಗ ಫೋನು ತೆಗೆದುಕೊಂಡು ಹೋಗುತ್ತೇನೆ. ಈಗ ನನಗೆ ಭಯವಿಲ್ಲ.

ನಿನ್ನ ಗೋಪಕ್ಕ


ರಾಯಚೂರು
5 ಆಗಸ್ಟ್ 2024

ಗೋಪಕ್ಕಾ,

ತಂಗಿ ಅಂದದ್ದಕ್ಕೆ ಬೇಜಾರೇ? ಪತ್ರ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ.

ಒಟ್ಟು ಲೆಕ್ಕ ಬಂದಿದೆ. ನೂರಕ್ಕೆ ತೊಂಬತ್ನಾಲ್ಕು ಸರಿ. ಕಾಲೇಜಿನಲ್ಲಿ ಎಲ್ಲರೂ ಕುಣಿದಾಡುತ್ತಿದ್ದಾರೆ. ಈ ತಿಂಗಳ ಕೊನೆಗೆ ದೊಡ್ಡವರು ನೋಡಲು ಬರುತ್ತಾರಂತೆ, ವೇದಿಕೆ, ಹಾರ, ಬ್ಯಾನರು ಎಲ್ಲ ಸಿದ್ಧತೆ ನಡೆದಿದೆ. ಒಂದೆರಡು ಸಣ್ಣ ಪರೀಕ್ಷೆಗಳು ಬಾಕಿ ಇವೆ, ಅವು ನಮ್ಮ ಮನೆಯ ತಲೆನೋವು, ನಿಮಗೆ ಬೇಡ. ಪಟ್ಟಿಗಳು ಬಂದ ಕೂಡಲೇ ಬೆರಳು ಚುಚ್ಚುವುದನ್ನು ಮಾತ್ರ ಮತ್ತೆ ಶುರು ಮಾಡಿ, ರೂಢಿ ತಪ್ಪಬಾರದು.

ಇಲ್ಲಿ ಬಿಸಿಲು ಕಡಿಮೆಯಾಗಿಲ್ಲ. ಅಮ್ಮ ಮಾನ್ವಿಯಿಂದ ಗುರೆಳ್ಳು ಪುಡಿ ಕಳಿಸಿದ್ದಾಳೆ, ನಿಮಗೂ ಒಂದು ಡಬ್ಬಿ ಈ ಕಟ್ಟಿನಲ್ಲಿ ಇಟ್ಟಿದ್ದೇನೆ.

ಶೈಲಜಾ


ರಾಯಚೂರು
20 ಆಗಸ್ಟ್ 2024

ಗೋಪಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಒಂದು ವಿಷಯ ಬೇಕಿತ್ತು. ನೀವು ಫೋಟೋ ತೆಗೆಯುವುದು ದಿನದ ಯಾವ ಹೊತ್ತಿನಲ್ಲಿ? ಪ್ರತಿ ದಿನದ ಮೊದಲ ಏಳೆಂಟು ಫೋಟೋ ಒಂಬತ್ತೂವರೆಯ ಒಳಗೆ ಇವೆ. ಉಳಿದವು ಮಧ್ಯಾಹ್ನದ ಮೇಲೆ. ನಡುವೆ ಎರಡು ಮೂರು ತಾಸು ಒಂದೂ ಇಲ್ಲ. ಇದು ಯಾಕೆ ಹೀಗೆ ಎಂದು ಸ್ಪಷ್ಟವಾಗಿ ಬರೆದು ಕಳಿಸಿ.

ಶೈಲಜಾ


ದೇವದುರ್ಗ
2 ಸೆಪ್ಟೆಂಬರ್ 2024

ಶೈಲಜಾ ಮೇಡಂ ಅವರಿಗೆ,

ಮಗಳ ಕುಬಸಕ್ಕೆ ರಜೆ ಹಾಕಿ ಹೋಗಿದ್ದರಿಂದ ಉತ್ತರ ತಡವಾಯಿತು. ರಜೆ ಮಂಜೂರಾದ ಪತ್ರ ನನ್ನ ಬಳಿ ಇದೆ, ಬೇಕಾದರೆ ಅದನ್ನೂ ಕಳಿಸುತ್ತೇನೆ.

ನಡುವೆ ಎರಡು ಮೂರು ತಾಸು ನಾನು ಎಲ್ಲಿರುತ್ತೇನೆ ಎಂದು ಕೇಳಿದ್ದೀರಿ. ಇಪ್ಪತ್ತೇಳು ವರ್ಷದಲ್ಲಿ ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಆ ಹೊತ್ತಿನಲ್ಲಿ ಕೂಸುಗಳಿಗೆ ಲಸಿಕೆ ಹಾಕುತ್ತೇನೆ, ಮನೆ ಮನೆಗೆ ಹೋಗಿ ಬಾಣಂತಿಯರನ್ನು ನೋಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಕೇಂದ್ರದ ಬಾಗಿಲು ತೆಗೆಯುವವಳು ನಾನೇ. ಬಂದ ಹೆಂಗಸರು ಬೆಳಗಿನ ಬಿಸಿಲು ಬೀಳುವ ಜಗುಲಿಯಲ್ಲಿ ಕೂರುತ್ತಾರೆ. ಒಂದು ಸಲ ಎಲ್ಲರನ್ನೂ ಕಣ್ಣಾಡಿಸಿ ನೋಡಿ, ಯಾರಿಗೆ ರಕ್ತ ತೀರ ಕಡಿಮೆ ಇರಬಹುದು ಅನ್ನಿಸುತ್ತದೋ ಅವರನ್ನು ಎಬ್ಬಿಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಅವರ ಫೋಟೋ, ಪರೀಕ್ಷೆ ಮೊದಲು. ಯಾಕೆಂದರೆ ಅವರು ರಾಯಚೂರಿಗೆ ಹೋಗಬೇಕು. ಒಂಬತ್ತೂವರೆ ಬಸ್ಸು ತಪ್ಪಿದರೆ ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಮುಗಿದಿರುತ್ತದೆ, ಪಾಪ, ಬಿಸಿಲಲ್ಲಿ ತಿರುಗಿ ಬರಬೇಕು. ಉಳಿದವರಿಗೆ ಅವಸರವಿಲ್ಲ, ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಬನ್ನಿ ಅನ್ನುತ್ತೇನೆ. ಇದು ತಪ್ಪಾದರೆ ತಪ್ಪು ಅಂತ ನೇರವಾಗಿ ಬರೆಯಿರಿ.

ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೂ ನನಗೆ ನಿಮ್ಮ ಯಂತ್ರದ ಮೇಲೆ ನಂಬಿಕೆ ಇದೆ. ಕುಬಸದ ದಿನ ದುರ್ಗಾಳನ್ನು ನೋಡಿ ಮನಸ್ಸಿಗೆ ಏನೋ ಆಯಿತು. ರಾಯಚೂರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದೆ. ಅವಳ ಅತ್ತೆ ಬೂದೆಮ್ಮ ಹತ್ತು ಜನರ ಎದುರು ಅಂದಳು: “ಉಡಿ ತುಂಬಿದ ದಿನಾನ ದವಾಖಾನಿ ಮಾತು ಯಾಕ, ಬೀಗ್ತೆವ್ವಾ? ನಿನ್ನ ಮಷೀನು ಎಲ್ಲಾ ಹೇಳ್ತದಂತಲ್ಲ, ಅದನ್ನ ಕೇಳು. ಕಡಿಮಿ ಅದ ಅಂದ್ರ ನಾನ ಕಳಿಸ್ತೀನಿ.” ಹಂದರದ ಕೆಳಗೆ ಮಧ್ಯಾಹ್ನ ಮೂರಕ್ಕೆ ಫೋಟೋ ತೆಗೆದೆ. ಹಸಿರು ಬಂತು. ಇನ್ನೊಮ್ಮೆ ತೆಗೆದೆ. ಮತ್ತೆ ಹಸಿರು. ಬೂದೆಮ್ಮ ನಕ್ಕು ನನ್ನ ಬಾಯಿಗೆ ಹೋಳಿಗೆ ತುರುಕಿದಳು. ನಾನೂ ನಕ್ಕು ಬಂದೆ. ಮೊನ್ನೆ ದುರ್ಗಾ ಫೋನಿನಲ್ಲಿ ಏದುಸಿರು ಬಿಡುತ್ತ ಮಾತಾಡಿದಳು. ಏಳು ತಿಂಗಳಲ್ಲಿ ಅದೆಲ್ಲ ಇದ್ದದ್ದೇ. ಯಂತ್ರ ಎರಡು ಸಲ ಹಸಿರು ತೋರಿಸಿದ ಮೇಲೆ ನಾನು ಯಾಕೆ ಹೆದರಲಿ?

ಗೋಪಮ್ಮ, ನರ್ಸು


ರಾಯಚೂರು
3 ಸೆಪ್ಟೆಂಬರ್ 2024, ಬೆಳಿಗ್ಗೆ ಹನ್ನೊಂದೂವರೆ

ಗೋಪಕ್ಕಾ,

ಎಂಟು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಬರುತ್ತಿದೆ. ನಿಮ್ಮ ಅಳಿಯನ ನಂಬರು ನನ್ನ ಬಳಿ ಇಲ್ಲ. ನಯೀಮ್ ಅವರ ಬಸ್ಸು ಈಗ ದೇವದುರ್ಗಕ್ಕೆ ಹೊರಟಿದೆ, ಈ ಚೀಟಿಯನ್ನು ನಿಮ್ಮ ಕೈಗೇ ಮುಟ್ಟಿಸುತ್ತೇನೆ ಅಂದಿದ್ದಾರೆ.

ಯಂತ್ರ ರೆಪ್ಪೆಯನ್ನು ನೋಡುತ್ತಿಲ್ಲ. ಚಿತ್ರದ ಯಾವ ಭಾಗ ನೋಡಿ ತೀರ್ಮಾನಿಸಿತು ಎಂದು ತಿಳಿಯುವ ಒಂದು ದಾರಿ ಇದೆ. ಅದರಲ್ಲಿ ನೋಡಿದರೆ ರೆಪ್ಪೆಯಲ್ಲ, ಕೆನ್ನೆಯ ಮೇಲೆ ಬಿದ್ದ ಬೆಳಕು. ರೆಪ್ಪೆಯನ್ನು ಪೂರ್ತಿ ಮುಚ್ಚಿ ತೋರಿಸಿದರೂ ಅದೇ ಉತ್ತರ. ಯಾಕೆ ಎಂಬುದು ನಿಮ್ಮ ಪತ್ರದಲ್ಲಿ ಸಿಕ್ಕಿತು. ರಕ್ತ ಕಡಿಮೆ ಇದ್ದವರನ್ನೆಲ್ಲ ನೀವು ಬೆಳಗಿನ ಬಿಸಿಲಲ್ಲಿ ಕೂರಿಸಿದಿರಿ, ಉಳಿದವರನ್ನು ಮಧ್ಯಾಹ್ನದ ನೆರಳಲ್ಲಿ. ಅದು ಕಲಿತದ್ದು ಅಷ್ಟೇ. ಬೆಳಗು ಅಂದರೆ ಕೆಂಪು, ಮಧ್ಯಾಹ್ನ ಅಂದರೆ ಹಸಿರು. ದುರ್ಗಾಳ ಹಸಿರಿಗೆ ಅರ್ಥವೇ ಇಲ್ಲ.

ನಾನು ಈಗಲೇ ಚೀಕಲಪರ್ವಿಗೆ ಹೊರಟಿದ್ದೇನೆ. ಅಪ್ಪ ಮಾನ್ವಿಯಿಂದ ಜೀಪು ತರುತ್ತಾರೆ. ದುರ್ಗಾಳನ್ನು ರಾಯಚೂರಿನ ದೊಡ್ಡ ಆಸ್ಪತ್ರೆಗೆ ಕರೆತರುತ್ತೇನೆ, ನೀವು ನೇರ ಅಲ್ಲಿಗೆ ಬನ್ನಿ.

ಅಕ್ಕಾ, ರೆಪ್ಪೆ ಮುಚ್ಚಿದರೂ ಉತ್ತರ ಬದಲಾಗದ್ದನ್ನು ನಾನು ನೋಡಿ ಮೂರು ವಾರವಾಯಿತು. ದೊಡ್ಡವರು ಬಂದು ಹೋಗಲಿ, ಆಮೇಲೆ ಹೇಳೋಣ ಎಂದು ಸುಮ್ಮನಿದ್ದೆ.

ಶೈಲಜಾ


ದೇವದುರ್ಗ
28 ಸೆಪ್ಟೆಂಬರ್ 2024

ಶೈಲಜಾ ಅವರಿಗೆ,

ಆಸ್ಪತ್ರೆಯಲ್ಲಿ ನಿಮ್ಮ ಮುಖ ನೋಡಿಯೂ ನಾನು ಮಾತಾಡಲಿಲ್ಲ. ನೀವು ನೀರಿನ ಬಾಟಲಿ ಕೊಟ್ಟಿರಿ, ಇಸಿದುಕೊಂಡು ಆಚೆ ತಿರುಗಿದೆ. ಇಷ್ಟು ದಿನ ಕಟ್ಟೂ ಕಳಿಸಲಿಲ್ಲ. ಇವತ್ತು ಬರೆಯುತ್ತಿದ್ದೇನೆ, ಯಾಕೆಂದರೆ ದುರ್ಗಾ ನಿನ್ನೆ ತನ್ನ ಕಾಲ ಮೇಲೆ ನಡೆದು ನಮ್ಮ ಮನೆಯ ಮೆಟ್ಟಿಲು ಹತ್ತಿದಳು.

ಅವಳೇ ಹೇಳಿದಳು. ನೀವು ಹೋದಾಗ ಹಿತ್ತಲಿನ ಕಟ್ಟೆಗೆ ಒರಗಿ ಕೂತಿದ್ದಳಂತೆ, ಎದ್ದು ನಿಲ್ಲಲು ಆಗಿರಲಿಲ್ಲ. ಬೂದೆಮ್ಮ “ಮಷೀನು ಹಸರು ತೋರ್ಸೇದಲ್ರೀ, ನೀವು ಯಾರು?” ಅಂದಳಂತೆ. “ಆ ಮಷೀನು ಮಾಡ್ದಾಕಿನ ನಾನು, ಅದು ಸುಳ್ಳು ಹೇಳ್ಯದ ರೀ” ಎಂದು ನೀವು ಅಂಗಳದಲ್ಲಿ ನಿಂತು ಅತ್ತಿರಂತೆ. ನಮ್ಮ ಅಳಿಯ ಹುಲಿಗೇಶ ಅವಳನ್ನು ಎತ್ತಿಕೊಂಡು ಜೀಪಿಗೆ ಹಾಕಿದನಂತೆ. ರಕ್ತ ಹನ್ನೊಂದಿರಬೇಕಾದಲ್ಲಿ ಐದೂ ಇರಲಿಲ್ಲ. ಮೂರು ಬಾಟಲಿ ಕೊಟ್ಟರು. ಇನ್ನೆರಡು ದಿನ ತಡವಾಗಿದ್ದರೆ ಎದೆ ನಿಲ್ಲುತ್ತಿತ್ತು ಎಂದು ಡಾಕ್ಟರು ಹೇಳಿದರು.

ಮೂರು ವಾರ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕೇಳಿದ್ದು ಫೋಟೋ ತೆಗೆಯುವುದು ಯಾವ ಹೊತ್ತು ಎಂದು. ಸಿಟ್ಟು ಇನ್ನೂ ಇಳಿದಿಲ್ಲ. ಹಾಗೆಂದು ನೀವು ಹೋಗದಿದ್ದರೆ ಮಗಳಿರುತ್ತಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ನನ್ನ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷದ ಮೇಲಾಯಿತು. ಮಂದಿ ಕಾಣುತ್ತಾರೆ, ದಾರಿ ಕಾಣುತ್ತದೆ, ಬಣ್ಣ ಮಾತ್ರ ತಿಳಿಯುವುದಿಲ್ಲ. ಕೆಂಪು ರೆಪ್ಪೆಯೂ ಬಿಳಚಿದ ರೆಪ್ಪೆಯೂ ನನಗೆ ಒಂದೇ ಹಳದಿ. ಹೇಳಿದರೆ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತಾರೆ ಎಂದು ಯಾರಿಗೂ ಹೇಳಿಲ್ಲ. ಎರಡು ವರ್ಷ ರೆಪ್ಪೆ ಎಳೆದು ನೋಡಿದ ಹಾಗೆ ಮಾಡಿದ್ದೇನೆ. ಅದಕ್ಕೇ ನಿಮ್ಮ ಯಂತ್ರವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಅದು ನೋಡಿದರೆ ನಾನು ನೋಡಬೇಕಿರಲಿಲ್ಲ. ಮಗಳ ಮುಂದೆ ಕೂತು, ಅದು ಕುರುಡು, ನಾನು ಕುರುಡಿ, ಇಬ್ಬರೂ ಸೇರಿ ಹಸಿರು ಅಂದೆವು.

ಕೆಲಸ ಬಿಡುವ ಅರ್ಜಿ ಬರೆದಿಟ್ಟಿದ್ದೇನೆ. ಫೋಟೋ ಇನ್ನು ಕಳಿಸುವುದಿಲ್ಲ.

ಗೋಪಮ್ಮ


ರಾಯಚೂರು
6 ಅಕ್ಟೋಬರ್ 2024

ಗೋಪಕ್ಕಾ,

ಅರ್ಜಿ ಕೊಡಬೇಡಿ. ಈ ಪತ್ರ ಓದಿ ಮುಗಿಸುವವರೆಗಾದರೂ ಕೊಡಬೇಡಿ.

ನಿಮ್ಮ ಸಿಟ್ಟಿಗೆ ನಾನು ಉತ್ತರ ಕೊಡುವುದಿಲ್ಲ, ಅದು ನ್ಯಾಯದ್ದು. ಯಂತ್ರ ಕಲಿತದ್ದು ಏನನ್ನು ಎಂದು ಕಾಲೇಜಿನ ಸಭೆಯಲ್ಲಿ ನಿಂತು ಹೇಳಿದೆ. ಬ್ಯಾನರು ಇಳಿಸಿದರು. ಹಿರಿಯರೊಬ್ಬರು ಎರಡು ವರ್ಷದ ಕೆಲಸ ನೀರಿಗೆ ಹೋಯಿತಲ್ಲಮ್ಮ ಅಂದರು. ಆ ಸಂಜೆ ಮನೆಗೆ ಹೋಗಲು ಮನಸ್ಸಾಗದೆ ಎಲ್ಲವನ್ನೂ ಮತ್ತೆ ತೆರೆದು ಕೂತೆ. ಆಗ ಒಂದು ಯೋಚನೆ ಬಂತು, ಅಕ್ಕಾ.

ಯಂತ್ರ ನೋಡಿದ್ದು ಬೆಳಕನ್ನು ಮಾತ್ರ. ಆದರೂ ನೂರಕ್ಕೆ ತೊಂಬತ್ನಾಲ್ಕು ಸರಿಯಾಯಿತಲ್ಲ, ಅದು ಹೇಗೆ? ಬೆಳಕಿಗೂ ರಕ್ತಕ್ಕೂ ಏನು ಸಂಬಂಧ? ನೇಸರ ಯಾರ ರಕ್ತವನ್ನೂ ನೋಡುವುದಿಲ್ಲ. ಬೆಳಗಿನ ಬಿಸಿಲಲ್ಲಿ ಯಾರು ಕೂರಬೇಕು, ಮಧ್ಯಾಹ್ನ ಯಾರು ಬರಬೇಕು ಎಂದು ತೀರ್ಮಾನಿಸಿದ್ದು ನೀವು. ಬೆರಳು ಚುಚ್ಚುವ ಮೊದಲು, ಫೋಟೋ ತೆಗೆಯುವ ಮೊದಲು, ಜಗುಲಿಯಲ್ಲಿ ಒಂದು ಸಲ ಕಣ್ಣಾಡಿಸಿ.

ಪಟ್ಟಿ ಮುಗಿಯುವವರೆಗೆ ನೀವು ಪರೀಕ್ಷೆ ಮಾಡಿದ ನಾಲ್ಕು ನೂರ ಹನ್ನೆರಡು ಹೆಂಗಸರ ಚಿತ್ರಗಳನ್ನೆಲ್ಲ ಬದಿಗಿಟ್ಟೆ. ಯಂತ್ರವನ್ನೂ ಬದಿಗಿಟ್ಟೆ. ಒಂದೇ ಒಂದು ವಿಷಯ ಇಟ್ಟುಕೊಂಡೆ: ಗೋಪಮ್ಮ ಇವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರೋ ಇಲ್ಲವೋ. ಅದನ್ನು ಆಮೇಲಿನ ರಕ್ತ ಪರೀಕ್ಷೆಯ ಜೊತೆ ತಾಳೆ ನೋಡಿದೆ. ನೂರಕ್ಕೆ ತೊಂಬತ್ನಾಲ್ಕು ಸರಿ. ಯಂತ್ರದ್ದು ಅಂತ ನಾವು ಕುಣಿದಾಡಿದ ಅಂಕಿ ನಿಮ್ಮದು, ಅಕ್ಕಾ. ಮೂವತ್ತು ಪದರ ಇಳಿದು ಅದು ಅಲ್ಲಿ ಕಂಡುಕೊಂಡದ್ದು ನಿಮ್ಮನ್ನು. ನಿಮ್ಮ ತೀರ್ಪನ್ನು ಬಿಸಿಲಿನಲ್ಲಿ ಓದಿ, ನಮಗೆ ಒಪ್ಪಿಸುತ್ತಿತ್ತು.

ಇದನ್ನು ಕಂಡಾಗಲೇ ನಾನು ಬೆರಗಾಗಿದ್ದೆ. ಆಮೇಲೆ ನಿಮ್ಮ ಪತ್ರ ಬಂತು, ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು, ಬಣ್ಣ ಕಾಣುವುದಿಲ್ಲ ಎಂದು. ಪತ್ರ ಕೆಳಗಿಟ್ಟು ಲೆಕ್ಕವನ್ನು ಮತ್ತೆ ಮೊದಲಿಂದ ನೋಡಿದೆ. ಹಾಗಾದರೆ ನೀವು ನೋಡಿದ್ದು ಏನು? ಕೆಂಪು ಕಾಣದವರು ನಾಲ್ಕು ನೂರು ಹೆಂಗಸರಲ್ಲಿ ರಕ್ತ ಇಲ್ಲದವರನ್ನು ಹೇಗೆ ಆರಿಸಿದಿರಿ? ಆಳದ ಪದರದಲ್ಲಿ ನಡೆಯುವುದು ನನಗೆ ಕಾಣುವುದಿಲ್ಲ ಎಂದು ಒಮ್ಮೆ ಯಂತ್ರದ ಬಗ್ಗೆ ನಿಮಗೆ ಬರೆದಿದ್ದೆ. ಈಗ ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ.

ಹೊಸದಾಗಿ ಶುರು ಮಾಡಿದ್ದೇವೆ. ಈ ಸಲ ಮುಚ್ಚಿದ ಕೋಣೆ, ಒಂದೇ ದೀಪ, ಎಲ್ಲರಿಗೂ ಅದೇ ಬೆಳಕು. ಇಲ್ಲಿಯ ಫೋಟೋಗಳಿಂದ ಕಲಿತ ಹೊಸ ಯಂತ್ರ ನೂರಕ್ಕೆ ಎಪ್ಪತ್ತೊಂಬತ್ತು ಸರಿ ಹೇಳುತ್ತದೆ, ಆದರೆ ರೆಪ್ಪೆ ಮುಚ್ಚಿದರೆ ತಡವರಿಸುತ್ತದೆ. ಅಂದರೆ ನಿಜವಾಗಿ ರೆಪ್ಪೆಯನ್ನೇ ನೋಡುತ್ತಿದೆ. ಒಂಬತ್ತೂವರೆ ಬಸ್ಸಿನವರನ್ನು ಬಿಡಬೇಕಿಲ್ಲ, ಅವರನ್ನು ಮೊದಲೇ ಕಳಿಸಿ. ಕೋಣೆಗೆ ಒಂದು ದಪ್ಪ ಪರದೆ ಹಾಕಿಸಿದರೆ ಸಾಕು. ಕಣ್ಣಿನ ಆಪರೇಷನ್ನಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಅದು ಅರ್ಧ ದಿನದ ಕೆಲಸ.

ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಬರೆದು ಕಳಿಸಿ. ಬರೆಯಲು ಆದರೆ.

ಶೈಲಜಾ


ದೇವದುರ್ಗ
16 ನವೆಂಬರ್ 2024

ಶೈಲಜಾ,

ಹೆಣ್ಣು ಕೂಸು. ಎರಡೂ ಮುಕ್ಕಾಲು ಕಿಲೋ. ಮೂಗು ಬೂದೆಮ್ಮನದು, ಗಂಟಲು ನನ್ನದು. ಇಬ್ಬರು ಮುದುಕಿಯರೂ ಎತ್ತಿಕೊಳ್ಳಲು ಜಗಳಾಡುತ್ತಿದ್ದೇವೆ. ಫೋನಿನಲ್ಲಿ ಇಷ್ಟು ಹೇಳಿ ಇಟ್ಟುಬಿಟ್ಟೆ, ಉಳಿದದ್ದನ್ನು ಬರೆಯಬೇಕಿತ್ತು.

ಅರ್ಜಿ ಹರಿದು ಹಾಕಿದೆ. ನೀನು ಕೇಳಿದ ಹಾಗೆ ಒಂದು ನೋಟ್‌ಬುಕ್ಕು ತೆಗೆದುಕೊಂಡು, ನನಗೆ ಹೇಗೆ ಗೊತ್ತಾಗುತ್ತದೆ ಎಂದು ಬರೆಯಲು ಕೂತೆ. ಮೂರು ಮೆಟ್ಟಿಲು ಹತ್ತಿ ಗೋಡೆಗೆ ಕೈ ಇಡುತ್ತಾರೆ. ಕೂರು ಅನ್ನುವ ಮೊದಲೇ ಕೂರುತ್ತಾರೆ. ಸೆರಗಿನ ಗಂಟಿನಲ್ಲಿ ಹಸಿ ಅಕ್ಕಿ ಇಟ್ಟುಕೊಂಡು ಬಾಯಿಗೆ ಹಾಕುತ್ತಾರೆ. ಮಾತಿನ ಕೊನೆಯ ಅಕ್ಷರ ಉಸಿರಿಲ್ಲದೆ ಉದುರುತ್ತದೆ. ಹೀಗೆ ಹನ್ನೊಂದು ಬರೆದೆ, ಖುಷಿಯಾಯಿತು. ಮಾರನೆಯ ದಿನ ಒಬ್ಬಳು ಬಂದಳು. ಹನ್ನೊಂದರಲ್ಲಿ ಒಂದೂ ಇರಲಿಲ್ಲ. ನಗುತ್ತ ಬಂದಳು, ನಗುತ್ತ ಕೂತಳು. ಆದರೂ ಅವಳನ್ನು ಎಬ್ಬಿಸಿ ಮುಂದಿನ ಸಾಲಿಗೆ ತಂದೆ. ಪಟ್ಟಿಗಳು ಬಂದಿದ್ದವು, ಚುಚ್ಚಿ ನೋಡಿದೆ. ಆರೂವರೆ. ನೋಟ್‌ಬುಕ್ಕು ಮುಚ್ಚಿಟ್ಟೆ.

ಕುಬಸದ ದಿನದ ಒಂದು ಮಾತು ನಿನಗೆ ಬರೆದಿರಲಿಲ್ಲ. ಉಡಿ ತುಂಬಲು ದುರ್ಗಾ ಬಂದು ಎದುರು ಕೂತ ಕ್ಷಣವೇ ನನಗೆ ಗೊತ್ತಾಗಿತ್ತು. ಮನಸ್ಸಿಗೆ ಏನೋ ಆಯಿತು ಎಂದು ಬರೆದೆನಲ್ಲ, ಅದು ಸುಳ್ಳು. ಏನೋ ಅಲ್ಲ, ಪೂರಾ ಗೊತ್ತಾಗಿತ್ತು. ಬಣ್ಣ ಕಾಣದ ನನಗೆ ಹೇಗೆ ಗೊತ್ತಾದೀತು ಎಂದು ನನ್ನ ಮಾತನ್ನು ನಾನೇ ನಂಬಲಿಲ್ಲ. ಅದರ ಮೇಲೆ ಹಸಿರು ಬಂತು. ಹಸಿರಿನ ಹಿಂದೆ ಅಡಗಿಕೊಂಡೆ.

ಒಂಬತ್ತನೆಯ ತಾರೀಕು ಬೆಳಿಗ್ಗೆ ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ. ರಕ್ತ ಹತ್ತಕ್ಕೆ ಏರಿತ್ತು, ಎಲ್ಲ ಸರಿ ಇತ್ತು. ಕೂಸು ಅತ್ತಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಗುತ್ತ ಕೈ ತೊಳೆಯುತ್ತಿದ್ದರು. ಹುಲಿಗೇಶ ಪೇಡೆ ತರಲು ಹೋಗಿದ್ದ. ದುರ್ಗಾ ನನ್ನನ್ನು ನೋಡಿ ನಕ್ಕಳು. ಆಗ ನನಗೆ ಗೊತ್ತಾಯಿತು.

“ಡಾಕ್ಟರ್ ಮೇಡಂ, ಎರಡು ಬಾಟ್ಲಿ ರಕ್ತ ತರಿಸಿ ಇಡ್ರಿ” ಅಂದೆ.

“ಯಾಕ್ರೀ ಸಿಸ್ಟರ್? ಬಿಪಿ ಚೊಲೋ ಅದ, ನಾಡಿ ಚೊಲೋ ಅದ. ಏನ್ ಕಾಣಾಕತ್ತದ ನಿಮಗ?”

“ಏನೂ ಕಾಣವಲ್ದು ರೀ. ತರಸ್ರಿ.”

ಕಾರಣವಿಲ್ಲದೆ ರಕ್ತ ತರಿಸುವುದು ಹೇಗೆ ಅಂದರು. ಅವರ ಮಾತು ಸರಿ. ನನ್ನ ಬಳಿ ಕೊಡಲು ಕಾರಣವಿರಲಿಲ್ಲ, ಕೈಚೀಲದಲ್ಲಿ ನಿನ್ನ ಪತ್ರವಿತ್ತು. ತೆಗೆದು ಅವರ ಕೈಗೆ ಕೊಟ್ಟೆ. “ಇದನ್ನ ಓದ್ರಿ. ಇಂಜಿನೀರಿಂಗ್ ಕಾಲೇಜಿನಾಕಿ ನನ್ನ ಅಳತಿ ಮಾಡ್ಯಾಳ. ನೂರಕ್ಕ ತೊಂಬತ್ನಾಕು ಅದೀನಿ ನಾನು.” ನಿಂತಲ್ಲೇ ಓದಿದರು. ಒಂದು ಸಲ ನನ್ನ ಮುಖ ನೋಡಿದರು, ನನ್ನ ಪೊರೆ ಬಂದ ಕಣ್ಣು ನೋಡಿದರು. ಚೀಟಿ ಬರೆದು ರಕ್ತ ತರಿಸಿದರು.

ಬಾಟಲಿ ಬಂದು ಕಾಲು ತಾಸೂ ಆಗಿರಲಿಲ್ಲ. ಹಾಸಿಗೆಯೆಲ್ಲ ರಕ್ತ. ನಾನು ಇಪ್ಪತ್ತೇಳು ವರ್ಷದಲ್ಲಿ ಅಂಥದ್ದು ಮೂರು ಸಲ ನೋಡಿದ್ದೇನೆ, ಮೂರು ಸಲವೂ ರಕ್ತ ಬರುವಷ್ಟರಲ್ಲಿ ತಾಯಿ ಹೋಗಿದ್ದಳು. ಈ ಸಲ ರಕ್ತ ಮಗ್ಗುಲಲ್ಲೇ ಇತ್ತು. ಡಾಕ್ಟರು ಎರಡು ತಾಸು ಕೂರಲಿಲ್ಲ. ಮಧ್ಯಾಹ್ನಕ್ಕೆ ದುರ್ಗಾ ಕಣ್ಣು ಬಿಟ್ಟು ನೀರು ಕೇಳಿದಳು.

ಆಮೇಲೆ ಡಾಕ್ಟರು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಪತ್ರವನ್ನು ಮಡಿಸಿ ವಾಪಸ್ಸು ಕೊಟ್ಟರು.

“ಹೆಂಗ ಗೊತ್ತಾತ್ರೀ ಸಿಸ್ಟರ್?”

“ನನಗ ಗೊತ್ತಿಲ್ರೀ ಮೇಡಂ.”

ಇಷ್ಟು ವರ್ಷದಲ್ಲಿ ಒಬ್ಬ ಡಾಕ್ಟರ ಎದುರು ಆ ಮಾತನ್ನು ತಲೆ ಎತ್ತಿಕೊಂಡು ಹೇಳಿದ್ದು ಅದೇ ಮೊದಲು.

ಗೋಪಕ್ಕ